ಒಣಕಸದ ಚೀಲದಲ್ಲಿ ಉಳಿದುಹೋಗುವ ಪ್ಲಾಸ್ಟಿಕ್



ಬೆಂಗಳೂರಿನ ಮನೆ, ಅಂಗಡಿ, ಹೋಟೆಲುಗಳು ಹಸಿಕಸವನ್ನೂ ಒಣಕಸವನ್ನೂ ಬೇರ್ಪಡಿಸಿಯೇ ಕೊಡಬೇಕೆಂದು ರಾಜ್ಯ ಹೈಕೋರ್ಟ್ 2015ರಲ್ಲಿ ಆದೇಶಿಸಿದ ಮೇಲೂ, ವಾರ್ಡುಗಳ ಒಣಕಸ ಸಂಗ್ರಹ ಕೇಂದ್ರಗಳಿಗೆ ಬರುವ ಮಿಶ್ರ ಪ್ಲಾಸ್ಟಿಕ್‌ನಲ್ಲಿ ಯಾವುದು ಮರುಬಳಕೆಗೆ ದಕ್ಕಬೇಕೆಂಬುದನ್ನು ಬಹುಮಟ್ಟಿಗೆ ಗುಜರಿ ಬೆಲೆಯೇ ನಿರ್ಧರಿಸುತ್ತಿದೆ. ನೀರಿನ ಬಾಟಲಿಯ ಪೆಟ್, ಹಾಲಿನ ಪ್ಯಾಕೆಟ್ಟಿನ ಪಾಲಿಎಥಿಲೀನ್ ಸುಲಭವಾಗಿ ಮಾರಾಟವಾಗುತ್ತವೆ. ಚಿಪ್ಸ್ ಪೊಟ್ಟಣದಂಥ ಬಹುಪದರ ಹೊದಿಕೆ, ಅಂದರೆ ಬೇರೆಬೇರೆ ಪ್ಲಾಸ್ಟಿಕ್ ಹಾಳೆಗಳನ್ನು ಅಲ್ಯೂಮಿನಿಯಂ ಲೇಪದೊಡನೆ ಬೆಸೆದ ವಸ್ತು, ಪದರಗಳು ಬಿಡಿಯಾಗದ ಕಾರಣ ಯಾರಿಗೂ ಬೇಡವಾಗಿ ಸಿಮೆಂಟ್ ಕಾರ್ಖಾನೆಯ ಕುಲುಮೆಗೋ ಕಸದ ಗುಡ್ಡಕ್ಕೋ ಸೇರುತ್ತದೆ. ಸುಟ್ಟು ಶಾಖ ಪಡೆಯುವುದನ್ನು ಮರುಬಳಕೆಯೆಂದು ಕರೆಯಲಾಗದು.

ಬೇರ್ಪಡಿಸುವ ವಿಧಾನವೇನೋ ಸರಳವಾಗಿದೆ. ಚೂರು ಮಾಡಿದ ಪ್ಲಾಸ್ಟಿಕ್ಕನ್ನು ನೀರಿನ ತೊಟ್ಟಿಗೆ ಸುರಿದರೆ ಪಾಲಿಎಥಿಲೀನ್, ಪಾಲಿಪ್ರೊಪಿಲೀನ್ ತೇಲುತ್ತವೆ, ಪೆಟ್ ಮತ್ತು ಪಿವಿಸಿ ಮುಳುಗುತ್ತವೆ. ಆದರೆ ಮುಳುಗಿದ ಇವೆರಡನ್ನು ಒಟ್ಟಿಗೇ ಕರಗಿಸಿದರೆ, ಪೆಟ್ ಕರಗುವ ಸುಮಾರು 250 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಪಿವಿಸಿ ವಿಘಟಿಸಿ ಆಮ್ಲೀಯ ಅನಿಲ ಬಿಡುವುದರಿಂದ ಮಾಲು ಬಣ್ಣಗೆಟ್ಟು ಹಾಳಾಗುತ್ತದೆ. ಆದ್ದರಿಂದ ಮೊದಲ ವಿಂಗಡಣೆ ಇಂದಿಗೂ ಕೈಕೆಲಸವೇ ಆಗಿದ್ದು, ಸಾಂಬಾರಿನ ಜಿಡ್ಡು ಒಣಗಿ ಅಂಟಿದ ಪಾರ್ಸೆಲ್ ಕವರುಗಳನ್ನು ಒಂದೊಂದಾಗಿ ಬಿಡಿಸುವ ಆ ಶ್ರಮಕ್ಕೆ ಸಿಗುವ ಕೂಲಿ ತೀರಾ ಕಡಿಮೆ.

ಪ್ಯಾಕಿಂಗ್ ಪ್ಲಾಸ್ಟಿಕ್ ಬಳಸುವ ಕಂಪನಿಗಳೇ ಅದರ ಮರುಸಂಗ್ರಹದ ಹೊಣೆ ಹೊರಬೇಕೆಂಬ ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ ಮಾರ್ಗಸೂಚಿ 2022ರಲ್ಲಿ ಹೊರಬಿದ್ದಿದೆ. ಮರುಬಳಕೆದಾರರಿಂದ ಪ್ರಮಾಣಪತ್ರ ಕೊಂಡು ಲೆಕ್ಕ ಒಪ್ಪಿಸಲು ಅದರಲ್ಲಿ ಅವಕಾಶವಿರುವುದರಿಂದ, ಆ ಹಣದ ಒಂದು ನಿಶ್ಚಿತ ಪಾಲು ಬಹುಪದರ ಹೊದಿಕೆಗೆ ಕಿಲೋ ಲೆಕ್ಕದ ದರವಾಗಿ ಸಂಗ್ರಹ ಕೇಂದ್ರಗಳಿಗೂ ಚಿಂದಿ ಆಯುವವರಿಗೂ ನೇರವಾಗಿ ತಲುಪುವಂತೆ ಸರ್ಕಾರ ನಿಯಮ ರೂಪಿಸಬೇಕು. ಒಂದೇ ಬಗೆಯ ಪ್ಲಾಸ್ಟಿಕ್‌ನಿಂದ ಪೊಟ್ಟಣ ತಯಾರಿಸಲು ಕಂಪನಿಗಳಿಗೆ ಗಡುವನ್ನೂ ವಿಧಿಸಬೇಕು.

– ಓದುಗರೊಬ್ಬರು, ಬೆಂಗಳೂರು