ರಿಲೇ, ಕಿಲುಬು ಮತ್ತು ಆರುನೂರು ರೂಪಾಯಿ

ವಾಹನ ರಿಪೇರಿಯ ಬಿಲ್ಲನ್ನು ಒಮ್ಮೆ ನಿಧಾನವಾಗಿ ಓದಿ ನೋಡಿ. ಬ್ಯಾಟರಿಗೆ ಒಂದು ಸಾಲು, ಮೋಟಾರಿಗೆ ಒಂದು ಸಾಲು, ಆಯಿಲ್ಲಿಗೆ, ಫಿಲ್ಟರಿಗೆ, ಕೊನೆಗೆ ನಟ್ಟು ಬೋಲ್ಟಿಗೂ ಒಂದು ಸಾಲು ಇರುತ್ತದೆ. ಎಲ್ಲಕ್ಕೂ ಕೆಳಗೆ 'ಲೇಬರ್' ಎಂದು ಬರೆದು ಒಂದು ಸಣ್ಣ ಮೊತ್ತ. ದೋಷ ಎಲ್ಲಿದೆಯೆಂದು ಹುಡುಕಿದ್ದಕ್ಕೆ ಪ್ರತ್ಯೇಕವಾಗಿ ಇಷ್ಟು ಎಂದು ಬರೆದ ಬಿಲ್ಲನ್ನು ನಾನು ಕಂಡದ್ದು ಬಹಳ ಕಡಿಮೆ. ವಸ್ತುವಿಗೆ ಬೆಲೆಯುಂಟು, ಪತ್ತೆ ಹಚ್ಚುವ ಬುದ್ಧಿಗೆ ಬೆಲೆಯಿಲ್ಲ ಎಂಬ ಈ ಪದ್ಧತಿಯನ್ನು ಮಾಡಿದವರು ಮೆಕ್ಯಾನಿಕರಲ್ಲ, ಗಿರಾಕಿಗಳಾದ ನಾವು. ಅದರಿಂದ ನಷ್ಟವಾಗುತ್ತಿರುವುದೂ ಹೆಚ್ಚಾಗಿ ನಮಗೇ ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಆಧಾರವಾಗಿ ಒಂದು ಕಾರಿನ ಪ್ರಕರಣವನ್ನು ಹೇಳುವವನಿದ್ದೇನೆ. ಅದಕ್ಕೆ ಮೊದಲು ರಿಲೇ ಎಂದರೇನೆಂದು ಅರಿಯದವರಿಗಾಗಿ ಸ್ವಲ್ಪ ಪೀಠಿಕೆ ಅಗತ್ಯ. ನನ್ನ ಹಳೆಯ ವಿದ್ಯಾರ್ಥಿಗಳು ಈ ಭಾಗವನ್ನು ಹಾರಿಸಿ ಓದಬಹುದು. ಹಾರಿಸುತ್ತೀರೆಂದೂ ನನಗೆ ಗೊತ್ತು.

ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಆರಂಭವಾಗಿ 1889ರವರೆಗೆ ಪ್ರತ್ಯೇಕವಾಗಿ ನಡೆದ ಮೈಸೂರು ಅಂಚೆಯ ಹೆಸರನ್ನು ನೀವೆಲ್ಲ ಕೇಳಿದ್ದೀರಿ. ಕಾಲಾಳು ಅಂಚೆಯಲ್ಲಿ ಒಬ್ಬನು ಚೀಲವನ್ನು ಹೊತ್ತು ತನ್ನ ಗಡಿಯವರೆಗೆ ಓಡುತ್ತಾನೆ. ಅಲ್ಲಿ ಕಾದಿರುವ ಮತ್ತೊಬ್ಬನು ಅದನ್ನು ಪಡೆದು ಹೊಸ ಉಸಿರಿನಿಂದ ಮುಂದಕ್ಕೆ ಓಡುತ್ತಾನೆ. ಓಲೆ ಅದೇ, ಓಡುವ ಬಲ ಮಾತ್ರ ಬೇರೆ. ಅಮೆರಿಕದ ಜೋಸೆಫ್ ಹೆನ್ರಿ 1835ರಲ್ಲಿ ವಿದ್ಯುತ್ತಿಗೆ ಮಾಡಿಕೊಟ್ಟ ವ್ಯವಸ್ಥೆಯೂ ಇದೇ. ದುರ್ಬಲವಾದ ಒಂದು ಪ್ರವಾಹವು ತಂತಿಯ ಸುರುಳಿಯೊಂದನ್ನು ಕಾಂತವನ್ನಾಗಿಸುತ್ತದೆ. ಆ ಕಾಂತವು ಒಂದು ಲೋಹದ ನಾಲಿಗೆಯನ್ನು ಎಳೆದು ಬೇರೊಂದು ಬಲಿಷ್ಠ ಮಂಡಲವನ್ನು ಮುಚ್ಚುತ್ತದೆ. ಟೆಲಿಗ್ರಾಫ್ ದೂರದೂರಿಗೆ ಹೋದದ್ದು ಈ ಉಪಾಯದಿಂದ.

ಇಂದಿನ ಕಾರಿನ ಬಾನೆಟ್ ತೆರೆದರೆ ಕಾಣುವ ಕಪ್ಪು ಘನಾಕೃತಿಯ ಪೆಟ್ಟಿಗೆಗಳು ಅವೇ. ಅವುಗಳ ಕಾಲುಗಳ ಬಳಿ 30, 85, 86, 87 ಎಂದು ಅಂಕಿಗಳಿರುತ್ತವೆ. ಇದು ಜರ್ಮನಿಯ ಡಿಐಎನ್ 72552 ಎಂಬ ಮಾನಕದ ಸಂಕೇತ. 85 ಮತ್ತು 86 ಸುರುಳಿಯ ಎರಡು ತುದಿಗಳು. 30ರಿಂದ ಒಳಬಂದ ವಿದ್ಯುತ್ತು ಸುರುಳಿ ಎಚ್ಚೆತ್ತಾಗ 87ರಿಂದ ಹೊರಹೋಗುತ್ತದೆ. ಕೆಲವದರಲ್ಲಿ 87ಎ ಎಂಬ ಐದನೆಯ ಕಾಲಿರುತ್ತದೆ. ಸುರುಳಿ ನಿದ್ರಿಸುತ್ತಿರುವಾಗ ಸಂಪರ್ಕ ಅದರೊಡನೆ. ಸುರುಳಿಗೆ ಬೇಕಾದದ್ದು ಹೆಚ್ಚೆಂದರೆ ಆಂಪಿಯರಿನ ಐದನೆಯ ಒಂದು ಭಾಗ. ನಮ್ಮ ಕಡೆ 'ಸೆಲ್ಫ್' ಎಂದು ಕರೆಯುವ ಸ್ಟಾರ್ಟರ್ ಮೋಟಾರು ನುಂಗುವುದಾದರೋ ನೂರು ಆಂಪಿಯರಿಗೂ ಮಿಗಿಲು. ಆ ಮೋಟಾರಿನ ಬೆನ್ನಿನ ಮೇಲೆ ಕುಳಿತ ಸೊಲೆನಾಯ್ಡ್ ಒಂದಕ್ಕೇ ಮೊದಲ ಎಳೆತಕ್ಕೆ ಇಪ್ಪತ್ತು ಆಂಪಿಯರಿನಷ್ಟು ಬೇಕು. 1912ರಲ್ಲಿ ಚಾರ್ಲ್ಸ್ ಕೆಟರಿಂಗನ ಸೆಲ್ಫ್ ಕ್ಯಾಡಿಲ್ಯಾಕ್ ಕಾರಿನಲ್ಲಿ ಬರುವವರೆಗೆ ಈ ಕೆಲಸವನ್ನು ಮನುಷ್ಯರ ತೋಳುಗಳೇ ಮಾಡುತ್ತಿದ್ದವು. ಲಾರಿಯ ಮೂತಿಗೆ ಹ್ಯಾಂಡಲ್ ತೂರಿಸಿ ತಿರುಗಿಸುತ್ತಿದ್ದ ಕ್ಲೀನರುಗಳನ್ನು ನನ್ನ ವಯಸ್ಸಿನವರು ನೋಡಿಯೇ ಇದ್ದಾರೆ.

ಇನ್ನು ಪ್ರಕರಣಕ್ಕೆ ಬರೋಣ. ನನ್ನ ತಮ್ಮನ ಮಗ ತೀರ್ಥಹಳ್ಳಿಯಲ್ಲಿ ಹಳೆಯ ಕಾರೊಂದನ್ನು ಇಟ್ಟುಕೊಂಡಿದ್ದಾನೆ. ಪುನರ್ವಸು ಮಳೆ ಹಿಡಿದ ಮೇಲೆ ಅದು ಬೆಳಗಿನ ಹೊತ್ತು ಹಟ ಹಿಡಿಯಲಾರಂಭಿಸಿತು. ಕೀಲಿ ತಿರುಗಿಸಿದರೆ ಡ್ಯಾಷ್‌ಬೋರ್ಡಿನ ದೀಪಗಳೆಲ್ಲ ಉರಿಯುತ್ತವೆ, ಎಲ್ಲಿಯೋ 'ಟಿಕ್' ಎನ್ನುತ್ತದೆ, ಎಂಜಿನ್ ಅಲ್ಲಾಡುವುದಿಲ್ಲ. ನಾಲ್ಕು ಜನ ತಳ್ಳಿದರೆ ಮಾತ್ರ ಹೊರಡುತ್ತದೆ. ಮೊದಲು ಹೋದ ಗ್ಯಾರೇಜಿನಲ್ಲಿ ಬ್ಯಾಟರಿ ಹೋಗಿದೆಯೆಂದು ಹೊಸದನ್ನು ಹಾಕಿದರು. ವಾರದೊಳಗೆ ಮತ್ತೆ ಅದೇ ಕಥೆ. ಎರಡನೆಯ ಸಲ ಸೊಲೆನಾಯ್ಡಿಗೆ ಬರುವ ವೈರನ್ನು ಕಳಚಿ ಮಲ್ಟಿಮೀಟರ್ ಹಿಡಿದರು. ಕೀಲಿ ತಿರುಗಿಸಿದಾಗ ಮೀಟರು 12 ವೋಲ್ಟನ್ನು ತೋರಿಸಿತು. "ಕರೆಂಟು ಬರ್ತಾ ಇದೆ, ಸೆಲ್ಫೇ ಹೋಗಿದೆ" ಎಂದು ತೀರ್ಪು ಕೊಟ್ಟು ಅದನ್ನೂ ಬದಲಾಯಿಸಿದರು. ಎರಡೂ ಸೇರಿ ಹನ್ನೊಂದು ಸಾವಿರ ರೂಪಾಯಿ. ನಾಲ್ಕು ದಿನ ಬಿಸಿಲು ಬಿದ್ದಿತು, ಕಾರು ಓಡಿತು. ಐದನೆಯ ದಿನ ಮಳೆ ಬಂದಿತು, ಕಾರು ನಿಂತಿತು.

ಇಲ್ಲಿ ಆ ಗ್ಯಾರೇಜಿನವರ ಮೀಟರು ಸುಳ್ಳು ಹೇಳಲಿಲ್ಲ. ಅದಕ್ಕೆ ಕೇಳಿದ ಪ್ರಶ್ನೆಯೇ ಬೇರೆಯಾಗಿತ್ತು. ವೋಲ್ಟ್ ಮೀಟರಿನ ರೋಧ ಅತಿ ಹೆಚ್ಚು, ಆದುದರಿಂದ ಅದರ ಮೂಲಕ ಹರಿಯುವ ಪ್ರವಾಹ ಇಲ್ಲವೆನ್ನುವಷ್ಟು ಕಡಿಮೆ. ದಾರಿಯಲ್ಲಿ ಎಂಥ ಕೆಟ್ಟ ಜೋಡಣೆಯಿದ್ದರೂ ಪ್ರವಾಹವೇ ಇಲ್ಲದಿರುವಾಗ ಅದರಲ್ಲಿ ವೋಲ್ಟೇಜು ಇಳಿಯುವುದಿಲ್ಲ. ನಲ್ಲಿಯನ್ನು ಮುಚ್ಚಿಟ್ಟು ಕೊಳಾಯಿಯಲ್ಲಿ ಒತ್ತಡ ನೋಡಿದರೆ ಅರ್ಧ ಕಟ್ಟಿಕೊಂಡ ಕೊಳಾಯಿಯೂ ಪೂರ್ಣ ಒತ್ತಡವನ್ನೇ ತೋರಿಸುತ್ತದೆಯಲ್ಲವೆ? ನಲ್ಲಿ ತಿರುಗಿಸಿದಾಗಲೇ ಬಣ್ಣ ಬಯಲಾಗುವುದು. ಲೆಕ್ಕಕ್ಕೆಂದು ಸೊಲೆನಾಯ್ಡಿನ ರೋಧ ಅರ್ಧ ಓಮ್ ಎಂದುಕೊಳ್ಳಿ. ಕೆಟ್ಟ ಜೋಡಣೆಯ ರೋಧವೂ ಅರ್ಧ ಓಮ್ ಆಗಿದ್ದರೆ 12 ವೋಲ್ಟು ಎರಡೂ ಕಡೆ ಸಮನಾಗಿ ಹಂಚಿಹೋಗುತ್ತದೆ. ಸೊಲೆನಾಯ್ಡಿಗೆ ದಕ್ಕುವುದು 6 ವೋಲ್ಟು. ಅದರಿಂದ ಅದು ಎದ್ದು ನಿಲ್ಲದು.

ಮೂರನೆಯ ಸಲ ಕಾರನ್ನು ನೋಡಿದವನು ನನ್ನ ಹಳೆಯ ವಿದ್ಯಾರ್ಥಿ; ಐಟಿಐ ಓದಿ ವಾಹನಗಳ ವೈರಿಂಗ್ ಕೆಲಸದಲ್ಲೇ ಕೂದಲು ನರೆಸಿಕೊಂಡವನು. ನಾನೂ ಅಂದು ಕುತೂಹಲದಿಂದ ಜೊತೆಗೆ ಹೋಗಿದ್ದೆ. ಅವನು ಯಾವ ವೈರನ್ನೂ ಕಳಚಲಿಲ್ಲ. ಗೇರು ನ್ಯೂಟ್ರಲ್‌ನಲ್ಲಿದೆಯೆಂದು ನೋಡಿಕೊಂಡು, ಹ್ಯಾಂಡ್‌ಬ್ರೇಕ್ ಎಳೆದು, ಮೀಟರಿನ ಒಂದು ಮೊನೆಯನ್ನು ಬ್ಯಾಟರಿಯ ಪ್ಲಸ್‌ಗೂ ಇನ್ನೊಂದನ್ನು ಸೊಲೆನಾಯ್ಡಿನ ತುದಿಗೂ ಇಟ್ಟು, "ಸಾರ್, ಈಗ ಕೀಲಿ ತಿರುಗಿಸಿ ಹಿಡಿದುಕೊಳ್ಳಿ" ಎಂದನು. ಮೀಟರು 6ಕ್ಕೂ ಸ್ವಲ್ಪ ಮೇಲಕ್ಕೆ ಏರಿತು. ಎಂದರೆ ಅಷ್ಟು ವೋಲ್ಟು ದಾರಿಯಲ್ಲೇ ಲೂಟಿಯಾಗುತ್ತಿತ್ತು. ಮುಂದೆ ಕೀಲಿಯ ಸ್ವಿಚ್ಚಿನವರೆಗಿನ ಭಾಗವನ್ನು ಪರೀಕ್ಷಿಸಿದನು; ಅಲ್ಲಿ ಹೇಳಿಕೊಳ್ಳುವಂಥ ನಷ್ಟವಿರಲಿಲ್ಲ. ಹಾಗೆ ಒಂದೊಂದೇ ತುಣುಕನ್ನು ಬಿಡುತ್ತ ಸ್ಟಿಯರಿಂಗಿನ ಕೆಳಗಿನ ಕತ್ತಲೆಗೆ ಬಂದಾಗ, ಯಾರೋ ಹಿಂದೆ ಕಳ್ಳರ ಭಯಕ್ಕೆ ಅಲಾರ್ಮ್ ಹಾಕಿಸಿದ್ದಾಗ ಕೂಡಿಸಿದ ಒಂದು ರಿಲೇ ಸಿಕ್ಕಿತು.

ಅಲಾರ್ಮ್ ಕೂಡಿಸಿದವನು ಸೊಲೆನಾಯ್ಡಿಗೆ ಹೋಗುವ ಮೂಲ ವೈರನ್ನು ಕತ್ತರಿಸಿ, ಅದರ ಎರಡು ತುಂಡುಗಳನ್ನು ರಿಲೇಯ 30 ಮತ್ತು 87ಎ ಕಾಲುಗಳಿಗೆ ತೆಳ್ಳನೆಯ ವೈರುಗಳಿಂದ ಸೇರಿಸಿದ್ದನು. ಬೆಸುಗೆಯಿಲ್ಲ, ಬರಿಯ ಹೊಸೆತ, ಮೇಲೆ ಇನ್ಸುಲೇಷನ್ ಟೇಪು. ಟೇಪನ್ನು ಬಿಡಿಸಿದಾಗ ತಾಮ್ರದ ಎಳೆಗಳು ಹಸಿರಾಗಿದ್ದವು. ಹಿತ್ತಾಳೆ ತಾಮ್ರದ ಪಾತ್ರೆಗಳನ್ನು ಹುಣಸೆಹಣ್ಣಿನಿಂದ ತಿಕ್ಕುತ್ತಿದ್ದ ಮನೆಗಳಲ್ಲಿ ಬೆಳೆದವರಿಗೆ ಕಿಲುಬೆಂದರೆ ಏನೆಂದು ಹೇಳಬೇಕಾಗಿಲ್ಲ. ಮಲೆನಾಡಿನ ತೇವಕ್ಕೆ ಟೇಪಿನ ಅಂಟು ಯಾವ ಲೆಕ್ಕ!

ನನಗೆ ಹೆಚ್ಚು ಸಂತೋಷ ಕೊಟ್ಟದ್ದು ಅವನು ಮಾಡಿದ ದುರಸ್ತಿ. ಅಲಾರ್ಮನ್ನು ತೆಗೆದುಹಾಕಿದ ಮೇಲೆ, ಕಿಲುಬಿನ ಭಾಗವನ್ನು ಕತ್ತರಿಸಿ ಎರಡು ತುದಿಗಳನ್ನು ನೇರವಾಗಿ ಸೇರಿಸಿದ್ದರೂ ಕಾರು ಓಡುತ್ತಿತ್ತು. ಅವನು ಹಾಗೆ ಬಿಡದೆ ಹೊಸ ರಿಲೇಯೊಂದನ್ನು ಬಾನೆಟ್ಟಿನೊಳಗೆ ಕೂಡಿಸಿದನು. ಕೀಲಿಯಿಂದ ಬರುವ ವೈರನ್ನು 86ಕ್ಕೆ ಕೊಟ್ಟು, 85ನ್ನು ಅರ್ತಿಗೆ ಬಿಗಿದು, ಬ್ಯಾಟರಿಯಿಂದ ಫ್ಯೂಸಿನ ಮೂಲಕ ದಪ್ಪ ವೈರನ್ನು 30ಕ್ಕೆ ತಂದು, 87ರಿಂದ ಸೊಲೆನಾಯ್ಡಿಗೆ ಒಯ್ದನು. ಮೊದಲಿನವನು ಭಾರ ಹೊರುವ ದಾರಿಯ ನಡುವೆ ರಿಲೇಯನ್ನು ಅಡ್ಡ ಇಟ್ಟಿದ್ದನು. ಇವನು ಅದನ್ನು ಅಂಚೆಯವನ ಸ್ಥಾನದಲ್ಲಿ ನಿಲ್ಲಿಸಿದನು. ಈಗ ಕೀಲಿಯ ದಾರಿಯಲ್ಲಿ ಹರಿಯುವುದು ಸುಮಾರು 0.15 ಆಂಪಿಯರು. ಮುಂದೆಂದಾದರೂ ಅಲ್ಲಿ ಅರ್ಧ ಓಮಿನ ಕಿಲುಬು ಕೂತರೂ ನಷ್ಟವಾಗುವುದು 0.075 ವೋಲ್ಟು. ರಿಲೇಗೆ ಅದು ತಿಳಿಯುವುದೂ ಇಲ್ಲ. ಜೋಡಣೆಗಳಿಗೆಲ್ಲ ಬೆಸುಗೆ ಹಾಕಿ, ಕಾಯಿಸಿದರೆ ಕುಗ್ಗಿ ಅಪ್ಪಿಕೊಳ್ಳುವ ಪ್ಲಾಸ್ಟಿಕ್ ಕೊಳವೆಯನ್ನು ತೊಡಿಸಿದನು.

ಹುಡುಕಲು ನಲವತ್ತು ನಿಮಿಷ, ಸರಿಮಾಡಲು ಒಂದು ಗಂಟೆ. ಸಾಮಾನು ಸೇರಿ ಅವನು ಕೇಳಿದ್ದು ಆರುನೂರು ರೂಪಾಯಿ. ಹನ್ನೊಂದು ಸಾವಿರವನ್ನು ತುಟಿಪಿಟಕ್ಕೆನ್ನದೆ ಕೊಟ್ಟಿದ್ದ ನಮ್ಮ ಹುಡುಗ ಮನೆಗೆ ಬರುವ ದಾರಿಯಲ್ಲಿ, "ದೊಡ್ಡಪ್ಪ, ಒಂದು ವೈರಿಗೆ ಆರುನೂರು ಜಾಸ್ತಿ ಆಯ್ತು" ಎಂದನು. (ಅವನು ಇದನ್ನು ಓದುತ್ತಾನೆಂದು ತಿಳಿದೇ ಬರೆಯುತ್ತಿದ್ದೇನೆ.) ನನ್ನ ದೂರು ಈ ಮಾತಿನ ಮೇಲೆಯೇ. ಬ್ಯಾಟರಿ ಕಣ್ಣಿಗೆ ಕಾಣುತ್ತದೆ, ಕೈಗೆ ಭಾರವಾಗುತ್ತದೆ, ಗ್ಯಾರಂಟಿ ಕಾರ್ಡಿನೊಂದಿಗೆ ಬರುತ್ತದೆ. ನಲವತ್ತು ನಿಮಿಷದ ಆಲೋಚನೆ ಕಾಣುವುದಿಲ್ಲ. ಹೀಗೆ ಬಿಡಿಭಾಗ ಮಾರಿದವನಿಗೆ ಲಾಭ, ಹುಡುಕಿದವನಿಗೆ ಗೊಣಗಾಟ ಎಂದಾದ ಮೇಲೆ ಯಾವ ಮೆಕ್ಯಾನಿಕ್ ತಾನೆ ಸ್ಟಿಯರಿಂಗಿನ ಕೆಳಗೆ ತಲೆ ತೂರಿಸಿಯಾನು? ಒಂದಾದ ಮೇಲೊಂದು ವಸ್ತುವನ್ನು ಬದಲಾಯಿಸುತ್ತ ಹೋಗುವುದೇ ಅವನಿಗೆ ಕ್ಷೇಮ.

ಹುಡುಕಿದ್ದಕ್ಕೆ ಹಣ ಕೊಡುವುದಾದರೆ ಅವನು ಎರಡು ಗಂಟೆ ಹುಡುಕಿದಂತೆ ನಟಿಸಿ ಸಿಗಲಿಲ್ಲವೆಂದರೆ ಏನು ಗತಿ ಎಂದು ಕೇಳುವವರಿದ್ದಾರೆ. ಆ ಭಯ ಸುಳ್ಳಲ್ಲ. ಆದರೆ ವೈದ್ಯರಿಗೆ ನಾವು ನಾಡಿ ನೋಡಿದ್ದಕ್ಕೂ ಹಣ ಕೊಡುತ್ತೇವೆ, ರೋಗ ತಿಳಿಯಲಿಲ್ಲವೆಂದು ಹಿಂದಕ್ಕೆ ಕೇಳುವುದಿಲ್ಲ. ಮೊದಲೇ ಇಷ್ಟು ಹೊತ್ತಿಗೆ ಇಷ್ಟು ಎಂದು ಗೊತ್ತುಮಾಡಿಕೊಂಡು, ಯಾವ ಅಳತೆಯಿಂದ ಈ ನಿರ್ಣಯಕ್ಕೆ ಬಂದಿರಿ ಎಂದು ಕೇಳುವ ಹಕ್ಕು ಗಿರಾಕಿಗೆ ಇದ್ದೇ ಇದೆ. ಸೆಲ್ಫ್ ಹೋಗಿದೆ ಎಂದವರನ್ನು, "ವೈರು ಕಳಚದೆ, ಕೀಲಿ ತಿರುಗಿಸಿದಾಗ ಸೊಲೆನಾಯ್ಡಿನ ತುದಿಯಲ್ಲಿ ಎಷ್ಟು ವೋಲ್ಟು ಸಿಕ್ಕಿತು?" ಎಂದು ಕೇಳಿ. ಹತ್ತಕ್ಕಿಂತ ಮೇಲಿದ್ದೂ ಅದು ಸುಮ್ಮನಿದ್ದರೆ ಅವರ ಮಾತಿನಲ್ಲಿ ಸತ್ಯವಿರಬಹುದು. ಆರೇಳು ಎಂದರೆ ಹಣದ ಚೀಲವನ್ನು ಬಿಚ್ಚಬೇಡಿ.

ಈ ವಿಷಯದಲ್ಲಿ ಶಾಲೆಗಳನ್ನೂ ಒಂದು ಮಾತು ಕೇಳಬೇಕು. ಹತ್ತನೆಯ ತರಗತಿಯ ಮಕ್ಕಳು ಓಮ್ ನಿಯಮದ ಲೆಕ್ಕವನ್ನು ಚೆನ್ನಾಗಿಯೇ ಮಾಡುತ್ತಾರೆ. ಅವರ ಪುಸ್ತಕದ ಮಂಡಲಗಳಲ್ಲಿ ವೈರಿಗೆ ರೋಧವಿಲ್ಲ, ಜೋಡಣೆಗೆ ಕಿಲುಬಿಲ್ಲ. ಒಂದು ಬ್ಯಾಟರಿ, ಒಂದು ಬಲ್ಬು, ತುಕ್ಕು ಹಿಡಿದ ಒಂದು ಮೊಳೆ, ಒಂದು ಮೀಟರು ಇಷ್ಟಿದ್ದರೆ ವೋಲ್ಟು ದಾರಿಯಲ್ಲಿ ಕಳೆದುಹೋಗುವುದನ್ನು ಒಂದೇ ಪೀರಿಯಡ್ಡಿನಲ್ಲಿ ತೋರಿಸಬಹುದು. ಈಗ ಪಾಠ ಮಾಡುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ ಯಾರಾದರೂ ಇದನ್ನು ತರಗತಿಯಲ್ಲಿ ಮಾಡಿ ನೋಡಿದರೆ ಮಕ್ಕಳು ಏನು ಕೇಳಿದರೆಂದು ನನಗೆ ಬರೆಯಿರಿ. ಮೊಳೆಯನ್ನು ಮಾತ್ರ ಮರಳು ಕಾಗದದಿಂದ ಉಜ್ಜುವುದಕ್ಕೆ ಮೊದಲೊಮ್ಮೆ, ಉಜ್ಜಿದ ಮೇಲೊಮ್ಮೆ ಅಳೆಯಬೇಕು.