ಗೆಡ್ಡೆ ತೆಗೆದರು ಸರಿ, ಮನಸ್ಸನ್ನು ಯಾರು ಕೇಳ್ತಾರೆ?

ಬೀಡಿ, ಸಿಗರೇಟು, ಜರ್ದಾ ಪ್ಯಾಕೆಟ್ಟಿನ ಶೇ 85 ಭಾಗದಲ್ಲಿ ಎಚ್ಚರಿಕೆಯ ಚಿತ್ರ ಇರಬೇಕು ಅಂತ 2016ರಿಂದ ನಿಯಮ ಇದೆ. ಕೊಳೆತ ಕೆನ್ನೆ, ತೂತು ಬಿದ್ದ ಗಂಟಲು ತೋರಿಸಿ ಜನರನ್ನ ಹೆದರಿಸ್ತಾರೆ. ಅಂಥ ಮುಖದವರು ಆಪರೇಷನ್ ಆಗಿ, ಬದುಕುಳಿದು, ನಮ್ಮ ಕೇರಿಗಳಲ್ಲೇ ಬಾಗಿಲು ಹಾಕ್ಕೊಂಡು ಕೂತಿದ್ದಾರೆ. ಅವರ ಬಗ್ಗೆ ಈ ಪೋಸ್ಟ್.

ಬಾಯಿ, ಗಂಟಲು ಕ್ಯಾನ್ಸರಿನ ಚಿಕಿತ್ಸೆ ಮುಗಿದ ಮೇಲಿನ ಬದುಕು ಹೇಗಿರುತ್ತೆ ಗೊತ್ತಾ? ಆರೇಳು ವಾರದ ರೇಡಿಯೇಷನ್ನಿಗೆ ಎಂಜಲೇ ಒಣಗಿ ಹೋಗುತ್ತೆ. ದವಡೆ ಬಿಗಿದು ಒಂದು ಬೆರಳು ತೂರುವಷ್ಟೂ ಬಾಯಿ ತೆರೆಯಲ್ಲ. ಮುದ್ದೆ ಇಳಿಯಲ್ಲ, ಖಾರ ತಡೆಯಲ್ಲ, ಅಂಬಲಿಯೇ ಗತಿ. ಕತ್ತಿನ ಆಪರೇಷನ್ ಆದವರಿಗೆ ಭುಜ ಎತ್ತೋಕಾಗದೆ ಕೂಲಿಯೂ ಹೋಗುತ್ತೆ. ಮಾತು ತೊದಲುತ್ತೆ, ತುಟಿಯಿಂದ ನೀರು ಸೋರುತ್ತೆ. ಬಾಡೂಟಕ್ಕೆ ಕರೆದರೆ ‘ಹೊಟ್ಟೆ ಸರಿ ಇಲ್ಲ’ ಅಂತ ತಪ್ಪಿಸ್ಕೊಳ್ತಾರೆ. ಇದರ ಜೊತೆ ಬರೋದು ಖಿನ್ನತೆ. ಬೇರೆ ಎಷ್ಟೋ ಕ್ಯಾನ್ಸರುಗಳಿಗಿಂತ ತಲೆ-ಕತ್ತಿನ ಕ್ಯಾನ್ಸರಿನಿಂದ ಬದುಕುಳಿದವರಲ್ಲಿ ಆತ್ಮಹತ್ಯೆ ಹೆಚ್ಚು ಅಂತ ಅಮೆರಿಕದ ಅಧ್ಯಯನಗಳು ಹೇಳ್ತವೆ. ನಮ್ಮಲ್ಲಿ ಮಾತ್ರ ‘ಜೀವ ಉಳೀತಲ್ಲ, ಇನ್ನೇನು’ ಅಂತ ಮುಗಿಸಿಬಿಡ್ತೀವಿ.

ನಮ್ಮ ಸಂಘಟನೆಯ ಹಾಡುಗಾರ ಅಣ್ಣ ಒಬ್ಬರಿದ್ದಾರೆ. ಹೋರಾಟದ ಹಾಡಿಗೆ ಮೈಕ್ ಬೇಡದ ಗಂಟಲು ಅದು. ದನಿಪೆಟ್ಟಿಗೆಯನ್ನೇ ತೆಗೆಯಬೇಕಾಯ್ತು. ಮನೆಯವರು ‘ಈಗ ಹುಷಾರಾಗಿದಾರೆ’ ಅಂತಾರೆ. ಅವರು ಮೊಬೈಲಲ್ಲಿ ಟೈಪ್ ಮಾಡಿ ನನಗೆ ತೋರಿಸಿದ್ದು: “ಎಲ್ಲರೂ ಗಾಯ ಒಣಗಿತಾ ಅಂತ ಕೇಳ್ತಾರೆ. ನಿದ್ದೆ ಬರುತ್ತಾ ಅಂತ ಯಾರೂ ಕೇಳಲ್ಲ.” ಬೇಜಾರಾದರೆ ಸರ್ಕಾರದ ಟೆಲಿ-ಮಾನಸ್ 14416ಕ್ಕೆ ಫೋನ್ ಮಾಡಿ ಅಂತ ಪೋಸ್ಟರ್ ಇದೆ. ದನಿಯೇ ಇಲ್ಲದವರು ಫೋನಲ್ಲಿ ಏನು ಹೇಳ್ಬೇಕು ಸ್ವಾಮಿ? ಅವರ ಪರವಾಗಿ ಮನೆಯವರೋ ನಾವೋ ಮಾಡಬೇಕು.

‘ಚಟ ಮಾಡ್ಕೊಂಡ, ಅನುಭವಿಸ್ತಾನೆ’ ಅನ್ನೋರಿಗೆ ಒಂದು ಮಾತು. ಚರಂಡಿ ಬಳಿಯೋರು, ಕಸ ಎತ್ತೋರು ಆ ನಾತ ತಡೆಯೋಕೆ ಎಲೆ ಅಡಿಕೆ ಹೊಗೆಸೊಪ್ಪು ಹಾಕ್ಕೊಳ್ತಾರೆ. ಹೊಟ್ಟೆ ಹಸಿವು ಮರೆಯೋಕೂ ಅದೇ. ಆ ಕೆಲಸವನ್ನ ನಮ್ಮ ಜಾತಿಗಳ ತಲೆಗೆ ಕಟ್ಟಿದ್ದು ಯಾರು? ರಾಜ್ಯದಲ್ಲಿ ಗುಟ್ಕಾ ನಿಷೇಧ ಆಗಿದ್ದು 2013ರಲ್ಲಿ. ಪಾನ್ ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿ ಇವತ್ತಿಗೂ ಮಾರ್ತಿದ್ದಾರೆ. ತಪ್ಪು ಮಾತ್ರ ಅಗಿದವನದ್ದು.

ನಮ್ಮೊಳಗೂ ಒಂದು ಮಾತು ಆಡಲೇಬೇಕು. ಹೋಟೆಲಿನ ಎರಡು ಲೋಟ ಪದ್ಧತಿ ವಿರುದ್ಧ ಬಡಿದಾಡಿದ ಕೇರಿಗಳಲ್ಲೇ ಕ್ಯಾನ್ಸರ್ ಆದವರಿಗೆ ಬೇರೆ ಲೋಟ, ಬೇರೆ ತಟ್ಟೆ ಇಡ್ತಿದ್ದಾರೆ. ಕ್ಯಾನ್ಸರ್ ಮುಟ್ಟಿದರೆ, ಎಂಜಲಿಂದ ಅಂಟೋ ರೋಗ ಅಲ್ಲ. ಮುಟ್ಟಿಸಿಕೊಳ್ಳದ ನೋವು ಏನು ಅಂತ ನಮಗೆ ಯಾರೂ ಪಾಠ ಮಾಡಬೇಕಿಲ್ಲ.

ಖಿನ್ನತೆ ಹಣೆಬರಹ ಅಲ್ಲ, ಅದಕ್ಕೆ ಚಿಕಿತ್ಸೆ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಪ್ರಕಾರ ಅದು ಹಕ್ಕು. ಬಳ್ಳಾರಿಯಲ್ಲಿ ನಿಮ್ಹಾನ್ಸ್‌ನವರು 1980ರ ದಶಕದಲ್ಲಿ ಕಟ್ಟಿದ ಮಾದರಿಯ ಮೇಲೇ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ನಿಂತಿರೋದು. ಹಾಗಿದ್ದ ಮೇಲೆ ಕ್ಯಾನ್ಸರ್ ವಾರ್ಡಿಗೂ ಮನೋವೈದ್ಯರಿಗೂ ಯಾಕಿಷ್ಟು ದೂರ? ಫಾಲೋಅಪ್‌ಗೆ ಹೋದಾಗಲೆಲ್ಲ ಮನಸ್ಸಿನ ಬಗ್ಗೆ ಕೇಳಲಿ. ಪಿಎಚ್‌ಕ್ಯೂ-9 ಅಂತ ಒಂಬತ್ತೇ ಪ್ರಶ್ನೆಗಳ ಪಟ್ಟಿ ಇದೆ, ಐದು ನಿಮಿಷ ಸಾಕು. ಮಾತು ಕಲಿಸೋರು, ನುಂಗೋದು ಕಲಿಸೋರು, ಆಪ್ತಸಮಾಲೋಚಕರು ಜಿಲ್ಲಾಸ್ಪತ್ರೆಯಲ್ಲೇ ಸಿಗಲಿ. ಬೆಂಗಳೂರಿಗೆ ಹೋಗಿಬರೋದು ಅಂದ್ರೆ ಬಸ್ ಚಾರ್ಜಿನ ಜೊತೆ ಎರಡು ದಿನದ ಕೂಲಿ ಹೋಯ್ತು ಅಂತಲೇ ಲೆಕ್ಕ.

ನಾವೇ ಮಾಡಬಹುದಾದ್ದೂ ಇದೆ. ಕತ್ತಿಗೆ ರೇಡಿಯೇಷನ್ ಆದವರಲ್ಲಿ ಎಷ್ಟೋ ಜನರಿಗೆ ಥೈರಾಯ್ಡ್ ಕುಗ್ಗುತ್ತೆ. ಆ ಸುಸ್ತು, ಮಂಕು ಖಿನ್ನತೆ ಥರಾನೇ ಕಾಣುತ್ತೆ. ಟಿಎಸ್‌ಎಚ್ ರಕ್ತ ಪರೀಕ್ಷೆ ಮಾಡಿಸಿ ಅಂತ ಡಾಕ್ಟರನ್ನ ಕೇಳಿ. ದನಿಪೆಟ್ಟಿಗೆ ತೆಗೆಸಿಕೊಂಡು ಶಾಶ್ವತವಾಗಿ ಮಾತು ಹೋಗೋದನ್ನ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವೈಕಲ್ಯ ಅಂತಲೇ ಗುರುತಿಸಿದೆ. ಎಷ್ಟು ಜನ ಯುಡಿಐಡಿ ಕಾರ್ಡ್ ಮಾಡಿಸಿದ್ದಾರೆ? ಅರ್ಜಿ ಹಾಕಿಸಿ. ಸಭೆಗೆ ಕರೆಯಿರಿ, ಪಕ್ಕದಲ್ಲೇ ಕೂರಿಸಿಕೊಂಡು ಉಣ್ಣಿ. ಬರೆದು ಹೇಳೋಕೆ ಟೈಮ್ ಕೊಡಿ, ಅವರ ವಾಕ್ಯವನ್ನ ನೀವು ಮುಗಿಸಬೇಡಿ. ‘ಸಾಯಬೇಕು ಅನ್ಸುತ್ತಾ’ ಅಂತ ನೇರವಾಗಿ ಕೇಳಿ, ಕೇಳಿದ್ರೆ ಆ ಯೋಚನೆ ಹುಟ್ಟಿಬಿಡಲ್ಲ. ಹೌದು ಅಂದ್ರೆ ಒಬ್ಬರನ್ನೇ ಬಿಡಬೇಡಿ, ಅವತ್ತೇ ಆಸ್ಪತ್ರೆಗೆ ಕರ್ಕೊಂಡು ಹೋಗಿ.

ನಿಮ್ಮ ಕೇರಿಯಲ್ಲಿ ಇಂಥವರಿದ್ದರೆ ಕಾಮೆಂಟಲ್ಲಿ ಹೆಸರು ಹಾಕಬೇಡಿ, ತಾಲೂಕು ಮಾತ್ರ ಬರೆಯಿರಿ. ಪಟ್ಟಿ ಮಾಡಿ ಜಿಲ್ಲಾ ಆರೋಗ್ಯಾಧಿಕಾರಿ ಮುಂದೆ ಇಡೋಣ. ಘನತೆಯ ಬದುಕು ಅಂತ ಬಾಬಾಸಾಹೇಬರು ಕೇಳಿದ್ದು ಇವರಿಗೂ ಸೇರಿಸಿಯೇ.

ಜೈ ಭೀಮ್.