ಡೇರೆಯೊಳಗಿನ ಸಂಸಾರ

‘ದೇಶ ಸುತ್ತು, ಕೋಶ ಓದು’ ಎಂದ ಹಿರಿಯರು, ನಾಲ್ಕು ವರ್ಷದ ಮಗುವನ್ನು ಕಟ್ಟಿಕೊಂಡು ದೇಶ ಸುತ್ತುವುದು ಹೇಗೆಂಬುದನ್ನು ಮಾತ್ರ ಹೇಳದೆ ಹೋದರು. ಅದನ್ನು ಹೇಳಬೇಕೆಂದು ಅವರಿಗೆ ತೋರಿರಲಾರದು. ಅವರ ಕಾಲದಲ್ಲಿ ಪ್ರಯಾಣವೆಂದರೆ ಬಂಡಿ, ಬಂಡಿಯೆಂದರೆ ಮನೆಮಂದಿಯೆಲ್ಲ. ಕತ್ತಲಾದರೆ ಎಲ್ಲಿಯೋ ಒಂದು ಮರ, ಮೂರು ಕಲ್ಲಿನ ಒಲೆ, ಎತ್ತುಗಳ ಕೊರಳ ಗಂಟೆಯ ಸದ್ದಿನಲ್ಲಿ ನಿದ್ದೆ. ಬಿಡಾರ ಹೂಡುವುದು ಅವರಿಗೆ ವಿನೋದವಾಗಿರಲಿಲ್ಲ, ದಾರಿ ಸಾಗಿಸುವ ಕ್ರಮವಾಗಿತ್ತು. ಈಗ ಅದೇ ಕ್ರಮ ಅಂಗಡಿಯಲ್ಲಿ ಚೀಲದೊಳಗೆ ಮಡಿಸಿಟ್ಟು ಮಾರುವ ವಸ್ತುವಾಗಿದೆ. ಅದರ ಹೆಸರು ಡೇರೆ.

ಬೆಂಗಳೂರಿನ ಬಸವನಗುಡಿಯ ಒಂದು ಮನೆಗೆ ಏಪ್ರಿಲ್ ತಿಂಗಳಲ್ಲಿ ಅಂಥದೊಂದು ಡೇರೆ ಬಂದಿತು. ಎರಡು ನಿಮಿಷದಲ್ಲಿ ತಾನಾಗಿಯೇ ಎದ್ದು ನಿಲ್ಲುವುದೆಂದು ಚೀಟಿಯಲ್ಲಿ ಬರೆದಿತ್ತು. ಮನೆಯ ಯಜಮಾನರು ಅದನ್ನು ನಡುಮನೆಯಲ್ಲಿ ನಿಲ್ಲಿಸಲು ನಲವತ್ತು ನಿಮಿಷ ಹೆಣಗಿದರು. ಮಗಳು ಪುಟ್ಟಿ ಅದರೊಳಗೆ ನುಗ್ಗಿ, ಊಟಕ್ಕೆ ಕರೆದರೂ ಹೊರಗೆ ಬರಲಿಲ್ಲ. ಬೇಸಿಗೆಯ ರಜೆಯಲ್ಲಿ ಚಿಕ್ಕಮಗಳೂರಿನ ಮೇಲಿನ ಬೆಟ್ಟದಲ್ಲಿ, ಯಜಮಾನರ ಕಾಲೇಜಿನ ಗೆಳೆಯರೊಬ್ಬರ ಕಾಫಿ ತೋಟದಲ್ಲಿ ಎರಡು ರಾತ್ರಿ ಕಳೆಯುವುದೆಂದು ನಿಶ್ಚಯವಾಯಿತು. ಕಾದಿಟ್ಟ ಅರಣ್ಯದಲ್ಲಿ ಅನುಮತಿಯಿಲ್ಲದೆ ಬೀಡುಬಿಡುವುದು ಅಪರಾಧ. ತೋಟದಲ್ಲಾದರೆ ಒಡೆಯರ ಒಪ್ಪಿಗೆ ಸಾಕು.

ಅಜ್ಜಿಯವರಿಗೆ ಮಾತ್ರ ಇದು ಹಿಡಿಸಲಿಲ್ಲ. ರಾಣೆಬೆನ್ನೂರಿನ ಕಡೆಯ ಹಳ್ಳಿಯಲ್ಲಿ ಹುಟ್ಟಿ ಬೆಳೆದವರು ಅವರು, ಎಪ್ಪತ್ತು ದಾಟಿದೆ. “ಗಟ್ಟಿ ಸೂರು ಕಟ್ಟಿಸಿಕೊಂಡು ಬಟ್ಟೆಯ ಕೆಳಗೆ ಮಲಗಲು ಹೋಗುವವರನ್ನು ನೀವೇ ಮೊದಲು ಕಂಡೆ” ಎಂದರು. ಮಗ ನಕ್ಕನು. “ಕೂಸನ್ನು ಕರಕೊಂಡು ಬಯಲಿನಲ್ಲಿ ಇರುವುದು ಆಟವಲ್ಲಪ್ಪ” ಎಂದರು. ಮಗ ಅದಕ್ಕೂ ನಕ್ಕನು. ಕೊನೆಗೆ ಅಜ್ಜಿ ತಾವೂ ಹೊರಟು ನಿಂತರು.

ಸಾಮಾನುಗಳನ್ನು ಅಣಿಮಾಡುವಾಗಲೇ ಎರಡು ಪಕ್ಷಗಳಾದವು. ಯಜಮಾನರ ಪಕ್ಷದಲ್ಲಿ ಮಡಿಸುವ ಕುರ್ಚಿ, ಮಡಿಸುವ ಮೇಜು, ತಲೆಗೆ ಕಟ್ಟಿಕೊಳ್ಳುವ ದೀಪ, ಹಾಡು ಕೇಳುವ ಪೆಟ್ಟಿಗೆ. ಅಜ್ಜಿಯವರ ಪಕ್ಷದಲ್ಲಿ ಕಾಯಿಸಿ ಆರಿಸಿದ ನೀರಿನ ಮೂರು ದೊಡ್ಡ ಪಾತ್ರೆಗಳು, ಜೋಳದ ರೊಟ್ಟಿ, ಶೇಂಗಾ ಚಟ್ನಿಪುಡಿ, ಹಳೆಯ ಕಂಬಳಿಗಳು ನಾಲ್ಕು, ಮತ್ತು ಒಂದು ಗುದ್ದಲಿ. ಗೃಹಿಣಿ ಶಾಲೆಯ ಅಧ್ಯಾಪಕಿ. ಅವರು ಎರಡೂ ಪಕ್ಷಗಳನ್ನು ಬಿಟ್ಟು ಮಗುವಿನ ಬಟ್ಟೆಗಳನ್ನು ಮೂರು ಜೊತೆ ಹೆಚ್ಚಾಗಿ ಇಟ್ಟು, ಸೊಳ್ಳೆಪರದೆ, ಜ್ವರದ ಔಷಧಿ, ಉಷ್ಣಮಾಪಕಗಳನ್ನು ಒಂದು ಡಬ್ಬಿಯಲ್ಲಿ ಜೋಡಿಸಿಕೊಂಡರು. ಗಾಡಿಯ ಹಿಂಭಾಗ ತುಂಬಿದಾಗ ಗುದ್ದಲಿಗೆ ಸ್ಥಳವಿರಲಿಲ್ಲ. ಅದು ಮನೆಯಲ್ಲೇ ಉಳಿಯಿತು.

ಬೆಳಗಿನ ಆರು ಗಂಟೆಗೆ ಪ್ರಯಾಣ ಆರಂಭವಾಯಿತು. ಪುಟ್ಟಿ ಹಿಂದಿನ ಆಸನದಲ್ಲಿ ತನ್ನ ಪುಟ್ಟ ಪೀಠದಲ್ಲಿ ಪಟ್ಟಿ ಬಿಗಿಸಿಕೊಂಡು ಕುಳಿತಳು. ತೊಡೆಯ ಮೇಲೆ ಕೂರಿಸಿಕೊಳ್ಳುವೆನೆಂದು ಅಜ್ಜಿ ಹೇಳಿದರೂ ಗೃಹಿಣಿ ಒಪ್ಪಲಿಲ್ಲ. ಓಡುವ ಗಾಡಿ ತಟಕ್ಕನೆ ನಿಂತಾಗ ತೊಡೆಯ ಮೇಲಿನ ಮಗುವನ್ನು ಯಾವ ತೋಳೂ ಹಿಡಿದಿಡಲಾರದು. 2019ರ ತಿದ್ದುಪಡಿಯ ಮೇಲೆ, ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಪಟ್ಟಿಯಿಲ್ಲದೆ ಕೂರಿಸಿದರೆ ಸಾವಿರ ರೂಪಾಯಿ ದಂಡವೆಂದು ಮೋಟಾರು ವಾಹನಗಳ ಕಾಯಿದೆಯೇ ಹೇಳುತ್ತದೆ.

ಕುಣಿಗಲ್ ಕಳೆಯಿತು. ಯಡಿಯೂರಿನಲ್ಲಿ ಇಡ್ಲಿ ತಿಂದದ್ದಾಯಿತು. ದೊಡ್ಡವರು ಮೂರೂವರೆ ಗಂಟೆಯೆಂದು ಎಣಿಸಿದ ಹಾಸನದ ದಾರಿ, ಪುಟ್ಟಿಯ ಅಪ್ಪಣೆಯಂತೆ ನಡೆದು ಐದು ಗಂಟೆಯಾಯಿತು. ಆಕೆ ಎಮ್ಮೆಯನ್ನು ಕಂಡಲ್ಲಿ ನಿಲ್ಲಬೇಕು, ಕೆರೆಯನ್ನು ಕಂಡಲ್ಲಿ ಇಳಿಯಬೇಕು. ಬೇಲೂರಿನಲ್ಲಿ, 1117ರಲ್ಲಿ ವಿಷ್ಣುವರ್ಧನನು ಪ್ರತಿಷ್ಠಾಪಿಸಿದ ಚೆನ್ನಕೇಶವನ ಗುಡಿಯ ಮುಂದೆ ಯಜಮಾನರು ಮದನಿಕೆಯರತ್ತ ಕೈತೋರಿಸಿದರು. ಪುಟ್ಟಿ ತಲೆಯೆತ್ತಲಿಲ್ಲ. ಗೋಡೆಯ ಬುಡದ ಪಟ್ಟಿಯಲ್ಲಿ ಆನೆಗಳು ಸಾಲುಗಟ್ಟಿ ನಡೆದಿದ್ದವು. ಅವು ಸರಿಯಾಗಿ ಆಕೆಯ ಕಣ್ಣಿನ ಎತ್ತರಕ್ಕಿದ್ದವು. ಇಪ್ಪತ್ತರವರೆಗೆ ಎಣಿಸಿದಳು. ಅಷ್ಟೇ ಆಕೆಗೆ ಬರುವ ಲೆಕ್ಕ. ಮತ್ತೆ ಒಂದರಿಂದ ಎಣಿಸಿದಳು. ಆ ಗುಡಿಯನ್ನು ಹತ್ತು ಸಲ ಕಂಡಿದ್ದ ಯಜಮಾನರು ಆ ದಿನ ಮೊದಲ ಬಾರಿಗೆ ಬಾಗಿ ಆನೆಗಳನ್ನು ನೋಡಿದರು.

ಚಿಕ್ಕಮಗಳೂರು ದಾಟಿ ಬೆಟ್ಟದ ತಿರುವುಗಳು ಬಂದವು. ಮಗು ಸುಮ್ಮನಿರಲೆಂದು ತಂದೆ ತಮ್ಮ ಫೋನನ್ನು ಕೈಗಿತ್ತಿದ್ದರು. ಏಳನೆಯ ತಿರುವಿನಲ್ಲಿ ಪುಟ್ಟಿಯ ಮುಖ ಬಿಳಿಚಿತು, ಎಂಟನೆಯದರಲ್ಲಿ ವಾಂತಿಯಾಯಿತು. ಕಿವಿಯೊಳಗಿನ ಸಮತೋಲದ ಅಂಗವು ‘ದೇಹ ಚಲಿಸುತ್ತಿದೆ’ ಎನ್ನುವಾಗ, ಪರದೆಯ ಮೇಲೆ ನಟ್ಟ ಕಣ್ಣು ‘ಇಲ್ಲ, ಎಲ್ಲವೂ ನಿಂತಿದೆ’ ಎನ್ನುತ್ತದೆ. ಈ ಜಗಳದ ಫಲವೇ ಪ್ರಯಾಣದ ವಾಂತಿ. ಎರಡು ವರ್ಷದೊಳಗಿನ ಕೂಸುಗಳಿಗೆ ಇದು ಅಪರೂಪ. ಅಲ್ಲಿಂದ ಹನ್ನೆರಡು ವರ್ಷದವರೆಗೆ ಹೆಚ್ಚು. ಗಾಡಿ ನಿಲ್ಲಿಸಿ, ಗಾಳಿಗೆ ಇಳಿಸಿ, ದೂರದ ಬೆಟ್ಟವನ್ನು ನೋಡಲು ಹೇಳಿದರೆ ಹತ್ತು ನಿಮಿಷದಲ್ಲಿ ಸರಿಹೋಗುತ್ತದೆ. ಪುಟ್ಟಿಗೂ ಸರಿಹೋಯಿತು. ಸರಿಹೋಗದವರು ಅಜ್ಜಿ. ಅವರ ಕೈ ನಡುಗುತ್ತಿತ್ತು. “ನೀರು ಯಾವುದು ಕುಡಿಸಿದಿರಿ? ಹೊರಗಿನ ನೀರು ಕುಡಿಸಿದಿರೇನು?” ಎಂದು ನಾಲ್ಕು ಸಲ ಕೇಳಿದರು. ಅದರ ಅರ್ಥ ಆಗ ಯಾರಿಗೂ ಆಗಲಿಲ್ಲ.

ತೋಟದಲ್ಲಿ ಡೇರೆಗೆ ಸ್ಥಳ ಹುಡುಕುವ ಅಧಿಕಾರ ಯಜಮಾನರದಾಯಿತು. ಕೆರೆಯ ಪಕ್ಕದಲ್ಲಿ, ಸಿಲ್ವರ್ ಓಕ್ ಮರಗಳ ನಡುವೆ ಹುಲ್ಲು ಬೆಳೆದ ಸಮತಟ್ಟಾದ ತಗ್ಗು; ಚಿತ್ರ ತೆಗೆದರೆ ಅದಕ್ಕಿಂತ ಸುಂದರವಾದ ಎಡೆ ಮತ್ತೊಂದಿಲ್ಲ. ಅಜ್ಜಿ ನೋಡಿ, “ಇದು ನೀರು ಮಲಗುವ ಜಾಗ” ಎಂದರು. “ದಿಣ್ಣೆಯ ಮೇಲೆ ಹಾಕು. ಸುತ್ತ ಒಂದು ಗೇಣು ಕಾಲುವೆ ತೆಗೆ. ನೀರಿಗೆ ದಾರಿ ತೋರಿಸಿ ಆಮೇಲೆ ಮಲಗಬೇಕು. ಇಲ್ಲದಿದ್ದರೆ ಅದು ನಮ್ಮನ್ನು ಎಬ್ಬಿಸಿ ದಾರಿ ಕೇಳುತ್ತದೆ.” ಯಜಮಾನರು ಆಕಾಶವನ್ನು ನೋಡಿದರು. ಅದು ನಿರ್ಮಲವಾಗಿತ್ತು. ತೋಟದ ರೈಟರೂ ಅದೇ ಆಕಾಶವನ್ನು ನೋಡುತ್ತ ನಿಂತಿದ್ದರು, ಆದರೆ ಅವರ ಮುಖದಲ್ಲಿ ನಿರಾಶೆಯಿತ್ತು.

ರಾತ್ರಿ ಹತ್ತಕ್ಕೆ ಗುಡುಗಿತು. ಹತ್ತೂಕಾಲಿಗೆ ಮಳೆ ಬಿದ್ದಿತು. ಮಲೆನಾಡಿನ ಬೇಸಿಗೆಯ ಮಳೆಗೆ ಪೀಠಿಕೆಯಿಲ್ಲ. ಹತ್ತು ನಿಮಿಷದಲ್ಲಿ ಡೇರೆಯ ನೆಲದ ಕೆಳಗೆ ನೀರು ಹರಿಯತೊಡಗಿತು. ಮತ್ತೆ ಹತ್ತು ನಿಮಿಷದಲ್ಲಿ ಅದು ಒಳಗೆ ಬಂದಿತು. ಪುಟ್ಟಿ ತೊಯ್ದ ಹಾಸಿಗೆಯ ಮೇಲೆ ಎದ್ದು ಕುಳಿತು ನಡುಗುತ್ತ ಅತ್ತಳು. ಮೇಲೆ ಎತ್ತರದ ಮರಗಳು ತೂಗಾಡುತ್ತಿದ್ದವು. ಮಿಂಚು ಕಣ್ಣಿಗೆ ಹೊಡೆಯುವಷ್ಟು ಹತ್ತಿರ. ತೋಟದ ಮನೆ ಏರಿನ ಮೇಲೆ ಅರ್ಧ ಮೈಲಿ, ನಡುವೆ ಬಯಲು. “ಗಾಡಿಗೆ ನಡೆಯಿರಿ” ಎಂದು ಗೃಹಿಣಿ ನಿರ್ಧರಿಸಿದರು. ಆ ಗಳಿಗೆಯಲ್ಲಿ ಅದಕ್ಕಿಂತ ಸರಿಯಾದ ತೀರ್ಮಾನ ಬೇರೊಂದಿರಲಿಲ್ಲ. ಸಿಡಿಲಿನ ಸಮಯದಲ್ಲಿ ಡೇರೆ ಆಸರೆಯಲ್ಲ, ಮರದಡಿ ಅಪಾಯ. ಕಿಟಕಿ ಮುಚ್ಚಿದ ಮೋಟಾರಿನ ಮೇಲೆ ಸಿಡಿಲೆರಗಿದರೂ ವಿದ್ಯುತ್ತು ಲೋಹದ ಹೊರಮೈಯಲ್ಲೇ ಹರಿದು ನೆಲ ಸೇರುತ್ತದೆ, ಒಳಗಿನವರಿಗೆ ತಾಕುವುದಿಲ್ಲ. ಯಜಮಾನರು ಗಾಡಿಯನ್ನು ಮರಗಳಿಂದ ದೂರಕ್ಕೆ, ದಿಣ್ಣೆಯ ಮೇಲಕ್ಕೆ ತಂದು ನಿಲ್ಲಿಸಿದರು.

ಒದ್ದೆ ಬಟ್ಟೆಗಳನ್ನು ಕಳಚಿ, ಮೈಯೊರಸಿ, ಒಣಗಿದ ಉಡುಪು ತೊಡಿಸಿ, ಅಜ್ಜಿಯ ಕಂಬಳಿಯಲ್ಲಿ ಸುತ್ತಿ ತಾಯಿ ಮಗುವನ್ನು ಎದೆಗೊತ್ತಿಕೊಂಡರು. ಗಾಡಿಯಲ್ಲಿ ನಾಲ್ವರು, ಹೊರಗೆ ಮಳೆ. ಯಜಮಾನರು ಉಷ್ಣಮಾಪಕವನ್ನು ಮೂರು ಸಲ ನೋಡಿದರು, ಜ್ವರವಿರಲಿಲ್ಲ. ಅವರು ಯಾರ ಮುಖವನ್ನೂ ನೋಡಲಾರದೆ, “ನನ್ನದೇ ತಪ್ಪು” ಎಂದರು. ಹೆಂಡತಿ ಮಾತನಾಡಲಿಲ್ಲ. ಮಾತನಾಡಿದವರು ಅಜ್ಜಿ.

ಅವರಿಗೆ ಏಳು ವರ್ಷವಾಗಿದ್ದಾಗ ಮನೆಯವರೆಲ್ಲ ಸವಾರಿ ಬಂಡಿಯಲ್ಲಿ ಮೈಲಾರದ ಜಾತ್ರೆಗೆ ಹೋಗಿದ್ದರಂತೆ. ಭರತ ಹುಣ್ಣಿಮೆಯ ಬೆಳದಿಂಗಳು; ತುಂಗಭದ್ರೆಯ ದಂಡೆಯ ತುಂಬ ಬಂಡಿಗಳು; ಸಾಲು ಒಲೆಗಳು. ಕಾರಣಿಕ ಕೇಳಿದ ಮರುದಿನ ಮೂರು ವರ್ಷದ ತಮ್ಮನಿಗೆ ವಾಂತಿ, ಭೇದಿ. ಎಲ್ಲರೂ ಕುಡಿದದ್ದು ಹೊಳೆಯ ನೀರು. ಭೇದಿಗೆ ನೀರು ಕುಡಿಸಬಾರದೆಂದು ಯಾರೋ ಹೇಳಿದರು, ತಾಯಿ ಕುಡಿಸಲಿಲ್ಲ. ತಮ್ಮ ನೀರು ಕೇಳುತ್ತ ಕೇಳುತ್ತ ಬಂಡಿಯಲ್ಲೇ ಕಣ್ಣು ಮುಚ್ಚಿದನು. “ಅವ್ವ ಆಮೇಲೆ ಜಾತ್ರೆಗೆ ಹೋಗಲಿಲ್ಲ. ಮನೆಯಲ್ಲಿ ಯಾರನ್ನೂ ಕಳಿಸಲಿಲ್ಲ” ಎಂದರು ಅಜ್ಜಿ. ಅರವತ್ತು ವರ್ಷಗಳ ಮೇಲೆ ಅವರು ಈ ಮಾತನ್ನು ಆಡಿದ್ದು ಇದೇ ಮೊದಲು. ಮಗನಿಗೆ ತನಗೊಬ್ಬ ಸೋದರಮಾವನಿದ್ದನೆಂಬುದೇ ಗೊತ್ತಿರಲಿಲ್ಲ.

ಆ ಕೂಸಿಗೆ ಬೇಕಾಗಿದ್ದ ಔಷಧ ಅಡಿಗೆಮನೆಯಲ್ಲೇ ಇತ್ತು. ಒಂದು ಲೀಟರು ಶುದ್ಧವಾದ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಕರುಳು ಬರಿಯ ನೀರನ್ನು ಹಿಡಿದಿಡಲಾರದಾಗಲೂ, ಸಕ್ಕರೆಯ ಜೊತೆಗೆ ಉಪ್ಪನ್ನು, ಉಪ್ಪಿನ ಹಿಂದೆ ನೀರನ್ನು ಹೀರಿಕೊಳ್ಳುತ್ತದೆ. 1971ರಲ್ಲಿ ಪೂರ್ವ ಬಂಗಾಳದಿಂದ ಬಂದ ನಿರಾಶ್ರಿತರು ಬನಗಾಂವಿನ ಶಿಬಿರದಲ್ಲಿ ಕಾಲರಾ ತಗುಲಿ ಸಾಯುತ್ತಿದ್ದಾಗ, ವೈದ್ಯ ದಿಲೀಪ್ ಮಹಾಲನಬೀಸ್ ಅವರು ಇಂಥ ನೀರನ್ನೇ ಪೀಪಾಯಿಗಳಲ್ಲಿ ಕಲಸಿ ಕುಡಿಸಿದರು. ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಮೈಲಾರದ ಬಂಡಿಗೆ ಆ ತಿಳಿವಳಿಕೆ ಹತ್ತು ವರ್ಷಕ್ಕೂ ಹೆಚ್ಚು ತಡವಾಗಿ ಬಂದಿತು. ಗೃಹಿಣಿ ತಮ್ಮ ಡಬ್ಬಿಯನ್ನು ತೆರೆದು, ಅದೇ ಪುಡಿಯ ನಾಲ್ಕು ಪೊಟ್ಟಣಗಳನ್ನು ಅತ್ತೆಯ ಅಂಗೈಯಲ್ಲಿಟ್ಟರು. ಅಜ್ಜಿ ಅವನ್ನು ಬಹಳ ಹೊತ್ತು ಹಿಡಿದುಕೊಂಡಿದ್ದರು.

ಬೆಳಗಾದಾಗ ತೋಟವೆಲ್ಲ ತೊಳೆದಿಟ್ಟಂತಿತ್ತು. ರೈಟರು ಓಡೋಡಿ ಬಂದರು. ಸಂತಾಪ ಹೇಳಲು ಬಂದರೆಂದು ಎಲ್ಲರೂ ತಿಳಿದರು. ಅವರ ಮುಖ ಮದುವೆಮನೆಯವರ ಮುಖದಂತಿತ್ತು. “ಹೂಮಳೆ ಸ್ವಾಮಿ! ಒಂದಿಂಚು ಬಿದ್ದಿದೆ!” ಎಂದರು. ಕಾಫಿಯ ಮೊಗ್ಗು ಬೇಸಿಗೆಯ ಒಣಗಾಳಿಯಲ್ಲಿ ಗಿಡದಲ್ಲೇ ಮಲಗಿರುತ್ತದೆ. ಫೆಬ್ರವರಿಯ ಕೊನೆಯಿಂದ ಏಪ್ರಿಲ್‌ವರೆಗೆ ಯಾವಾಗಲಾದರೂ ಇಂಥದೊಂದು ಮಳೆ ಬಿದ್ದರೆ ಮಾತ್ರ ಅದು ಎಚ್ಚರಗೊಳ್ಳುತ್ತದೆ. ತಡವಾದಷ್ಟೂ ಫಸಲಿಗೆ ಕುತ್ತು. ತೋಟದವರು ಆ ಮಳೆಗಾಗಿ ವಾರಗಟ್ಟಲೆ ಆಕಾಶ ನೋಡುತ್ತಿದ್ದರು. ಡೇರೆಯವರು ರಾತ್ರಿಯೆಲ್ಲ ಶಪಿಸಿದ್ದು ಅದೇ ಮಳೆಯನ್ನು.

ಹಿಂತಿರುಗಿ ಹೋಗೋಣವೆಂದು ಯಜಮಾನರು ಹೇಳಿದರು. ಅಜ್ಜಿ ರೈಟರನ್ನು ಒಂದು ಗುದ್ದಲಿ ಕೇಳಿದರು. ಡೇರೆ ದಿಣ್ಣೆಯನ್ನೇರಿತು. ಅಜ್ಜಿ ಮಡಿಸುವ ಕುರ್ಚಿಯಲ್ಲಿ ಕುಳಿತು ಕೈತೋರಿಸಿದರು, ಮಗ ಕಾಲುವೆ ತೋಡಿದನು, ಪುಟ್ಟಿ ಅದರಲ್ಲಿ ಎಲೆಯ ದೋಣಿ ಬಿಟ್ಟಳು. ಎರಡನೆಯ ರಾತ್ರಿ ಮಳೆಯಿರಲಿಲ್ಲ, ಚಳಿಯಿತ್ತು. ಯಜಮಾನರು ಕೆಂಡದ ಅಗ್ಗಿಷ್ಟಿಕೆಯನ್ನು ಡೇರೆಯೊಳಗೆ ತರಲು ಹೋದಾಗ ಗೃಹಿಣಿ ತಡೆದರು. ಮುಚ್ಚಿದ ಎಡೆಯಲ್ಲಿ ಕೆಂಡದಿಂದೇಳುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಮಲಗಿದವರು ಏಳುವುದಿಲ್ಲ. ಈ ಸಲ ಅವರು ವಾದಿಸಲಿಲ್ಲ. ಕಂಬಳಿಗಳು ಸಾಕಾದವು.

ಮಕ್ಕಳೊಡನೆ ಬಯಲಿನಲ್ಲಿ ಮಲಗುವುದು ಸಾಹಸವೇನಲ್ಲ. ಹಿಂದಿನವರು ವರ್ಷಕ್ಕೊಮ್ಮೆ ಮಾಡುತ್ತಿದ್ದ ಕೆಲಸ. ಅವರಿಗೆ ನೆಲ ಗೊತ್ತಿತ್ತು, ನೀರಿನ ಓಟ ಗೊತ್ತಿತ್ತು. ನೀರಿನೊಳಗಿನ ವಿಷ ಗೊತ್ತಿರಲಿಲ್ಲ. ಇಂದಿನವರಿಗೆ ಎರಡನೆಯದು ಗೊತ್ತು, ಮೊದಲನೆಯದು ಮರೆತಿದೆ. ಒಂದೇ ಗಾಡಿಯಲ್ಲಿ ಮೂರು ತಲೆಮಾರು ಕುಳಿತರೆ ಎರಡೂ ಕೂಡಿಕೊಳ್ಳುತ್ತವೆ.

ಹತ್ತನೆಯ ದಿನ ತೋಟದಿಂದ ಯಜಮಾನರ ಫೋನಿಗೆ ಒಂದು ಚಿತ್ರ ಬಂದಿತು. ಗಿಡದ ರೆಂಬೆರೆಂಬೆಯೂ ಬಿಳಿಯ ಹೂವಿನಿಂದ ಮುಚ್ಚಿಹೋಗಿತ್ತು. ಬೆಟ್ಟದ ಮೈಯೆಲ್ಲ ಮಲ್ಲಿಗೆ ಚೆಲ್ಲಿದಂತೆ. ಪುಟ್ಟಿ ಅದನ್ನು ಅಜ್ಜಿಯ ಬಳಿಗೆ ಒಯ್ದು, “ಅಜ್ಜೀ, ನಾವು ನೆನೆದೆವಲ್ಲ, ಆ ಮಳೆ!” ಎಂದಳು. ಅಜ್ಜಿ ಕನ್ನಡಕ ಹಾಕಿಕೊಂಡು ನೋಡಿದರು. ಆಮೇಲೆ ಮಗನನ್ನು ಕರೆದು, ಬರುವ ಭರತ ಹುಣ್ಣಿಮೆ ಯಾವ ತಾರೀಖಿಗೆ ಬೀಳುತ್ತದೆ, ಪಂಚಾಂಗ ನೋಡಿ ಹೇಳೆಂದರು. ಮೈಲಾರಕ್ಕೆ ಹೋಗುವಾಗ ಗುದ್ದಲಿಗೆ ಮೊದಲು ಸ್ಥಳ ಮಾಡಬೇಕೆಂದೂ ಸೇರಿಸಿದರು.